ಮರುಭೂಮಿಯಲ್ಲಿ ಬಸ್ ಮನೆಗಳ ಜಾತ್ರೆ: ಸ್ಕೂಲಿ ಕೂಟಕ್ಕೆ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಅಮೆರಿಕದ ಹಳದಿ ಸ್ಕೂಲ್ ಬಸ್ಸುಗಳಿಗೆ ವಯಸ್ಸಾದ ಮೇಲೆ ಹರಾಜು ಹಾಕುತ್ತಾರೆ. ಆಗಲೂ ಎಂಜಿನ್ ಗಟ್ಟಿಯಾಗಿಯೇ ಇರುತ್ತದೆ. ಅಂಥ ಬಸ್ ಕೊಂಡು, ಸೀಟುಗಳನ್ನು ಕಿತ್ತು, ಮಂಚ, ಒಲೆ, ಸಿಂಕು, ಬೀರು ಕೂರಿಸಿ ಮನೆ ಮಾಡಿಕೊಳ್ಳುವವರು ಅಲ್ಲಿ ಬಹಳ ಜನ ಇದ್ದಾರೆ. ಆ ಬಸ್ಸಿಗೆ ಅವರು ಇಟ್ಟ ಹೆಸರು ಸ್ಕೂಲಿ. ಚಳಿಗಾಲ ಬಂತೆಂದರೆ ಈ ಸ್ಕೂಲಿಗಳು ಅರಿಜೋನಾದ ಪಶ್ಚಿಮ ಅಂಚಿನ ಮರುಭೂಮಿಯಲ್ಲಿ ಸಾಲುಗಟ್ಟಿ ಸೇರುತ್ತವೆ. ಅಂಥ ಕೂಟಗಳಲ್ಲಿ ಸ್ಕೂಲಿಪಲೂಜಾ ಹೆಸರಾದದ್ದು.

ನಾವು ಇರುವುದು ಫೀನಿಕ್ಸ್ ಪಕ್ಕದಲ್ಲಿ. ನಾನು, ನನ್ನ ಗಂಡ, ಒಂಬತ್ತು ವರ್ಷದ ಮಗಳು. ಮೊದಲ ಸಲ ಕಾರಿನಲ್ಲಿ ಟೆಂಟ್ ಹಾಕಿಕೊಂಡು ಹೋದೆವು. ಎರಡನೇ ಸಲ ಬಾಡಿಗೆ ವ್ಯಾನ್. ಮೂರನೇ ಸಲ ನಮ್ಮದೇ ಗಿಡ್ಡ ಬಸ್. ಊರಿನಿಂದ ಬಂದ ಗೆಳೆಯರು, ಇಲ್ಲಿರುವ ಕನ್ನಡದವರು ತುಂಬಾ ಜನ ಕೇಳುತ್ತಿರುತ್ತಾರೆ, ಹೇಗೆ ಹೋಗುವುದು, ಏನು ಒಯ್ಯುವುದು ಅಂತ. ಅವರಿಗಾಗಿ ಇದನ್ನು ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ನೆಲದಲ್ಲಿ ನೀರಿಲ್ಲ, ನೆರಳಿಲ್ಲ, ಕಸದ ತೊಟ್ಟಿ ಇಲ್ಲ. ಬೇಕಾದದ್ದನ್ನೆಲ್ಲ ಹೊತ್ತು ಹೋಗಬೇಕು, ಉಳಿದದ್ದನ್ನೆಲ್ಲ ಹೊತ್ತು ಬರಬೇಕು. ಇದೊಂದು ಸರಿಯಾದರೆ ಉಳಿದದ್ದನ್ನು ಅಕ್ಕಪಕ್ಕದ ಬಸ್ಸಿನವರೇ ಕಲಿಸುತ್ತಾರೆ.

ಹೆಜ್ಜೆ 1: ಜಾಗ ಮತ್ತು ದಿನ ಗೊತ್ತು ಮಾಡಿಕೊಳ್ಳಿ

ಈ ಭಾಗದ ಎಲ್ಲ ಕೂಟಗಳಿಗೂ ನಡುಮನೆ ಇದ್ದಂತೆ ಇರುವ ಊರು ಕ್ವಾರ್ಟ್ಸೈಟ್. ಫೀನಿಕ್ಸ್‌ನಿಂದ ಪಶ್ಚಿಮಕ್ಕೆ ಸುಮಾರು 200 ಕಿ.ಮೀ. ಐ-10 ಹೆದ್ದಾರಿಯಲ್ಲಿ ಎರಡು ಗಂಟೆ ಸಾಕು. ಲಾಸ್ ಏಂಜಲೀಸ್‌ನಿಂದ ಬರುವವರಿಗೆ ಸುಮಾರು 370 ಕಿ.ಮೀ. ಎರಡೂವರೆ ಸಾವಿರದಷ್ಟು ಜನ ಇರುವ ಪುಟ್ಟ ಊರು. ಜನವರಿ, ಫೆಬ್ರವರಿಯಲ್ಲಿ ಮಾತ್ರ ಸುತ್ತಲ ಬಯಲು ಗಾಡಿಗಳಿಂದ ತುಂಬಿಹೋಗುತ್ತದೆ.

ಬಯಲು ಹೆಚ್ಚಿನಂಶ ಬಿಎಲ್ಎಂ ಎಂಬ ಕೇಂದ್ರ ಸರ್ಕಾರದ ಭೂ ಇಲಾಖೆಯದು. ಇಲ್ಲಿ ತಂಗಲು ಎರಡು ದಾರಿ. ಬಿಟ್ಟಿಯಾಗಿ ತಂಗುವ ಜಾಗಗಳಲ್ಲಿ 28 ದಿನಗಳ ಅವಧಿಯಲ್ಲಿ 14 ದಿನ ಮಾತ್ರ ಇರಬಹುದು. ಆಮೇಲೆ 25 ಮೈಲಿ, ಅಂದರೆ ಸುಮಾರು 40 ಕಿ.ಮೀ. ಆಚೆ ಹೋಗಬೇಕು. ಊರಿನ ದಕ್ಷಿಣಕ್ಕೆ ಲಾ ಪೋಸಾ ಎಂಬ ದೀರ್ಘಾವಧಿ ತಂಗುದಾಣ ಇದೆ. ಅಲ್ಲಿ ಹಣ ಕಟ್ಟಬೇಕು. ನಾವು ಹೋದಾಗ 14 ದಿನಕ್ಕೆ 40 ಡಾಲರ್, ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗಿನ ಇಡೀ ಋತುವಿಗೆ 180 ಡಾಲರ್ ಇತ್ತು. ಹೊರಡುವ ಮೊದಲು ಇಲಾಖೆಯ ಕಚೇರಿಗೆ ಫೋನ್ ಮಾಡಿ ಈಗಿನ ದರ ಕೇಳಿಕೊಳ್ಳಿ. ಆ ದುಡ್ಡಿಗೆ ನೀರಿನ ನಲ್ಲಿ, ಕಸ ಹಾಕುವ ಜಾಗ, ಕೊಳಕು ನೀರು ಸುರಿಯುವ ಕಟ್ಟೆ ಸಿಗುತ್ತದೆ. ಮೊದಲ ಸಲ ಹೋಗುವವರಿಗೆ ಅದು ದೊಡ್ಡ ಆಸರೆ.

ದೊಡ್ಡ ಕೂಟ ನಡೆಸಲು ಇಲಾಖೆಯ ಅನುಮತಿ ಬೇಕು. ಹಾಗಾಗಿ ಜಾಗ ವರ್ಷದಿಂದ ವರ್ಷಕ್ಕೆ ಬದಲಾಗಬಹುದು. ಕಳೆದ ವರ್ಷದ ನಕ್ಷೆ ನಂಬಿಕೊಂಡು ಹೊರಡಬೇಡಿ. ಈ ವರ್ಷದ ಜಾಗವನ್ನು ಆಯೋಜಕರಿಂದಲೇ ತಿಳಿದುಕೊಂಡು, ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ. ಜನ ಸೇರಿದ ಮೇಲೆ ಸಿಗ್ನಲ್ ಇದ್ದೂ ಇಲ್ಲದಂತೆ ಆಗುತ್ತದೆ.

ಊರೊಳಗೆ ಹೋದರೆ ಹಳೇ ಸ್ಮಶಾನ ನೋಡಿ ಬನ್ನಿ. 1856ರಲ್ಲಿ ಅಮೆರಿಕದ ಸೇನೆ ಮರುಭೂಮಿಯಲ್ಲಿ ಸಾಮಾನು ಸಾಗಿಸಲು ಒಂಟೆಗಳನ್ನು ತರಿಸಿತು. ಅವುಗಳ ಜೊತೆ ಬಂದ ಹಾಜಿ ಅಲಿ ಎಂಬಾತ ಇಲ್ಲೇ ಉಳಿದು 1902ರಲ್ಲಿ ತೀರಿಕೊಂಡ. ಜನರ ಬಾಯಲ್ಲಿ ಅವನ ಹೆಸರು ಹೈ ಜಾಲಿ ಆಯಿತು. ಸಮಾಧಿ ಕಲ್ಲಿನ ಪಿರಮಿಡ್, ತುದಿಯಲ್ಲಿ ಲೋಹದ ಒಂಟೆ. ದೂರದೇಶದಿಂದ ಬಂದು ಈ ಬಯಲಲ್ಲಿ ನೆಲೆಸಿದವನ ಮುಂದೆ ನಾನು ಪ್ರತಿ ಸಲ ಐದು ನಿಮಿಷ ನಿಲ್ಲುತ್ತೇನೆ.

ಹೆಜ್ಜೆ 2: ಬಸ್ ಇಲ್ಲದಿದ್ದರೂ ಹೊರಡಿ

ಬಸ್ ಕೊಳ್ಳುವ ಮೊದಲೇ ಹೋಗಿ ಅಂತ ನಾನು ಹೇಳುತ್ತೇನೆ. ಟೆಂಟ್, ಕಾರು, ವ್ಯಾನ್ ಯಾವುದಾದರೂ ನಡೆಯುತ್ತದೆ. ನಾವು ಮೊದಲ ವರ್ಷ ನೋಡಿಕೊಂಡು ಬಂದದ್ದರಿಂದಲೇ 40 ಅಡಿಯ ಬಸ್ ಕೊಳ್ಳುವ ಯೋಚನೆ ಬಿಟ್ಟೆವು. ಮೂರು ಜನಕ್ಕೆ ಅಷ್ಟು ಉದ್ದ ಬೇಕಿಲ್ಲ ಅಂತ ಅಲ್ಲಿ ನಾಲ್ಕು ದಿನ ಇದ್ದಾಗ ಗೊತ್ತಾಯಿತು. ಬಾಡಿಗೆ ವ್ಯಾನ್ ತೆಗೆದುಕೊಂಡರೆ ಮಣ್ಣಿನ ರಸ್ತೆಗೆ ಒಯ್ಯಲು ಕರಾರಿನಲ್ಲಿ ಒಪ್ಪಿಗೆ ಇದೆಯಾ ಅಂತ ಓದಿ ನೋಡಿ.

ಊರಿನಿಂದ ಬಂದವರು, ವೀಸಾದ ಮೇಲೆ ಇರುವವರು ಪಾಸ್‌ಪೋರ್ಟ್ ಮತ್ತು ಕಾಗದಪತ್ರ ಜೊತೆಗೇ ಇಟ್ಟುಕೊಳ್ಳಿ. ಮೆಕ್ಸಿಕೋ ಗಡಿ ಹತ್ತಿರ. ಯೂಮಾ ಕಡೆಯಿಂದ ಬರುವ ಹೆದ್ದಾರಿಯಲ್ಲಿ ಗಡಿ ಕಾವಲಿನವರ ತಪಾಸಣೆ ಇರಬಹುದು.

ಹೆಜ್ಜೆ 3: ನೀರಿನ ಲೆಕ್ಕ

ಇದನ್ನು ಮಾತ್ರ ಅಂದಾಜಿಗೆ ಬಿಡಬೇಡಿ. ಕುಡಿಯಲು ಒಬ್ಬರಿಗೆ ದಿನಕ್ಕೆ ಕನಿಷ್ಠ 4 ಲೀಟರ್ ಇಟ್ಟುಕೊಳ್ಳಿ. ಚಳಿಗಾಲ ಅಲ್ವಾ, ಬಾಯಾರಿಕೆ ಆಗಲ್ಲ ಅನಿಸುತ್ತದೆ. ಗಾಳಿ ಎಷ್ಟು ಒಣ ಎಂದರೆ ಬೆವರು ಕಾಣಿಸುವ ಮೊದಲೇ ಆರಿಹೋಗಿರುತ್ತದೆ. ಸಂಜೆ ತಲೆನೋವು ಬಂದಾಗಲೇ ನೀರು ಕುಡಿದಿಲ್ಲ ಅಂತ ಗೊತ್ತಾಗುವುದು. ಅಡುಗೆ, ಪಾತ್ರೆ, ಕೈಕಾಲು ತೊಳೆಯುವುದು ಎಲ್ಲ ಸೇರಿ ನಮ್ಮ ಮೂವರಿಗೆ ದಿನಕ್ಕೆ 25 ಲೀಟರ್ ಖರ್ಚಾಗುತ್ತದೆ. ಐದು ದಿನಕ್ಕೆ 125. ಅದರ ಮೇಲೆ ಒಂದು ದಿನದ ನೀರು ಜಾಸ್ತಿ.

ಕಳೆದ ಸಲ ನಮ್ಮ ಬಸ್ಸಿನ ತೊಟ್ಟಿಯಲ್ಲಿ 120 ಲೀಟರ್ ತುಂಬಿಸಿದ್ದೆವು. ಕೊನೆಯ ಎಂಟು ಕಿ.ಮೀ. ಮಣ್ಣಿನ ರಸ್ತೆ, ಬಟ್ಟೆ ಒಗೆಯುವ ಕಲ್ಲಿನಂತೆ ಉದ್ದಕ್ಕೂ ಗೀರುಗೀರು. ಆ ನಡುಕಕ್ಕೆ ಸಿಂಕಿನ ಕೆಳಗಿನ ಪೈಪ್ ಜಾಯಿಂಟ್ ಬಿಟ್ಟುಕೊಂಡಿತು. ಪಂಪ್ ಚಾಲೂ ಇತ್ತು. ನಿಲ್ಲಿಸಿ ಬಾಗಿಲು ತೆಗೆದಾಗ ಮೆಟ್ಟಿಲ ಮೇಲೆ ನೀರು ಹರಿಯುತ್ತಿತ್ತು. ಅರ್ಧಕ್ಕರ್ಧ ನೀರು ಹೋಗಿತ್ತು, ಮಗಳ ಹಾಸಿಗೆಯೂ ನೆನೆದಿತ್ತು. ಪಕ್ಕದ ಬಸ್ಸಿನ ವಯಸ್ಸಾದ ಗಂಡಹೆಂಡತಿ ತಮ್ಮ ಡಬ್ಬಿಯಿಂದ ಸರಿಯಾದ ಅಳತೆಯ ಜಾಯಿಂಟ್ ತೆಗೆದು ಕೊಟ್ಟರು, ಕೂತು ಹಾಕಿಯೂ ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಆವತ್ತಿನಿಂದ ನಮ್ಮ ನಿಯಮ ಎರಡು. ಗಾಡಿ ಓಡುವಾಗ ನೀರಿನ ಪಂಪ್ ಬಂದ್. ಅರ್ಧ ನೀರು ತೊಟ್ಟಿಯಲ್ಲಿ, ಅರ್ಧ ಕ್ಯಾನ್‌ಗಳಲ್ಲಿ. ಅಂಗಡಿಯಲ್ಲಿ ಸಿಗುವ 7 ಗ್ಯಾಲನ್ ಕ್ಯಾನಿನಲ್ಲಿ ಸುಮಾರು 26 ಲೀಟರ್ ಹಿಡಿಯುತ್ತದೆ. ತುಂಬಿದ ಮೇಲೆ ಅಷ್ಟೇ ಕಿಲೋ ಭಾರ. ಎತ್ತಲು ಆಗದವರು ಅರ್ಧ ಅಳತೆಯದನ್ನು ಕೊಳ್ಳಿ.

ನೀರು ಉಳಿಸುವುದರಲ್ಲಿ ನಮ್ಮ ಹಳೆಯ ರೂಢಿಗಳು ಇಲ್ಲಿ ಬಹಳ ಕೈಹಿಡಿಯುತ್ತವೆ. ಷವರ್‌ಗಿಂತ ಬಕೆಟ್ಟು, ತಂಬಿಗೆ ಒಳ್ಳೆಯದು. ಐದು ಲೀಟರ್ ಬಿಸಿನೀರಿನಲ್ಲಿ ಸ್ನಾನ ಮುಗಿಯುತ್ತದೆ. ತಟ್ಟೆಯನ್ನು ಮೊದಲು ಕಾಗದದಿಂದ ಒರೆಸಿ, ಆಮೇಲೆ ಸ್ಪ್ರೇ ಬಾಟಲಿಯಿಂದ ತೊಳೆಯಿರಿ. ಅಕ್ಕಿ ತೊಳೆದ ನೀರಿನಲ್ಲಿ ಮೊದಲ ಸುತ್ತಿನ ಪಾತ್ರೆ ತೊಳೆಯಬಹುದು.

ಹೆಜ್ಜೆ 4: ಬಚ್ಚಲ ನೀರು, ಕಕ್ಕಸು, ಕಸ

ಒಳಗೆ ಬಂದ ನೀರು ಹೊರಗೂ ಹೋಗಬೇಕಲ್ಲ. ಕಕ್ಕಸಿನದನ್ನು ನೆಲಕ್ಕೆ ಸುರಿಯುವುದು ಅಪರಾಧ. ಪಾತ್ರೆ ತೊಳೆದ ನೀರನ್ನೂ ಹಿಡಿದಿಟ್ಟು, ಸುರಿಯುವ ಕಟ್ಟೆಗೇ ಒಯ್ಯಿರಿ. ಸೋಪಿನ ನೀರು ಬಿದ್ದ ಕಡೆ ನೊಣ ಮುತ್ತುತ್ತದೆ, ರಾತ್ರಿ ಪ್ರಾಣಿಗಳು ಬರುತ್ತವೆ.

ಹೆಚ್ಚಿನ ಸ್ಕೂಲಿಗಳಲ್ಲಿ ಇರುವುದು ಒಣ ಕಕ್ಕಸು. ದ್ರವ ಒಂದು ಕಡೆ, ಗಟ್ಟಿ ಇನ್ನೊಂದು ಕಡೆ ಹೋಗುತ್ತದೆ. ಗಟ್ಟಿಯದರ ಮೇಲೆ ತೆಂಗಿನ ನಾರಿನ ಪುಡಿ ಅಥವಾ ಮರದ ಹೊಟ್ಟು ಹಾಕುತ್ತಾರೆ. ಎರಡನ್ನೂ ಬೇರೆ ಇಟ್ಟರೆ ವಾಸನೆ ಬರುವುದಿಲ್ಲ. ಟೆಂಟಿನವರು ಬಕೆಟ್ಟಿಗೆ ಕೂರಿಸುವ ಸೀಟು, ಒದ್ದೆಯನ್ನು ಹೀರಿ ಗಟ್ಟಿ ಮಾಡುವ ಜೆಲ್ ಚೀಲ ಒಯ್ಯಿರಿ. ಬೇರೆಯವರ ಬಸ್ಸಿನ ಕಕ್ಕಸು ಬಳಸಲು ಕೇಳಬೇಡಿ. ಅವರ ಡಬ್ಬಿಯ ಅಳತೆ ಅವರ ಮನೆಯವರಿಗೆ ಮಾತ್ರ.

ಹೆಜ್ಜೆ 5: ಕರೆಂಟು, ಗ್ಯಾಸು, ಚಳಿ

ಜನವರಿಯಲ್ಲಿ ಹಗಲು 20 ಡಿಗ್ರಿ ಆಸುಪಾಸು, ಬೆಂಗಳೂರಿನ ಡಿಸೆಂಬರ್ ಬೆಳಗಿನ ಹಾಗೆ ಹಿತವಾಗಿರುತ್ತದೆ. ರಾತ್ರಿ 4-5 ಡಿಗ್ರಿಗೆ ಇಳಿಯುತ್ತದೆ, ಕೆಲವು ರಾತ್ರಿ ಸೊನ್ನೆಗೂ. ಬಸ್ಸಿನ ಮೈಯೆಲ್ಲ ತಗಡು, ಮೇಲೆ ಸಾಲು ಕಿಟಕಿ. ಸಂಜೆ ಆರಕ್ಕೆ ಸೂರ್ಯ ಮುಳುಗಿದ ಅರ್ಧ ಗಂಟೆಗೆ ಒಳಗೆ ಕೊರೆಯಲು ಶುರು. ಉಣ್ಣೆ ಟೊಪ್ಪಿ, ದಪ್ಪ ಕಾಲುಚೀಲ, ಒಳ್ಳೆಯ ರಜಾಯಿ ಬೇಕೇ ಬೇಕು.

ಸೌದೆ ಒಲೆ, ಗ್ಯಾಸ್ ಹೀಟರ್, ಡೀಸೆಲ್ ಹೀಟರ್ ಯಾವುದೇ ಇರಲಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಮಲಗಬೇಡಿ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇಪ್ಪತ್ತು ಮೂವತ್ತು ಡಾಲರಿನ ವಸ್ತು ಅದು. ಟೆಂಟಿನೊಳಗೆ ಒಲೆ ಹಚ್ಚುವುದಂತೂ ಬೇಡವೇ ಬೇಡ.

ಸೋಲಾರ್ ಬಗ್ಗೆ ಒಂದು ಲೆಕ್ಕ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ಸೂರ್ಯ ತಗ್ಗಿನಲ್ಲೇ ಸಾಗುತ್ತಾನೆ. ಚಾವಣಿಗೆ ಚಪ್ಪಟೆಯಾಗಿ ಹಾಕಿದ 100 ವಾಟ್ ಪ್ಯಾನೆಲ್‌ನಿಂದ ದಿನಕ್ಕೆ 300 ವಾಟ್-ಅವರ್ ಬಂದರೆ ಪುಣ್ಯ. ನಮ್ಮ ಸಣ್ಣ ಫ್ರಿಜ್ ಒಂದಕ್ಕೇ 400 ಬೇಕು. ಜೆನರೇಟರ್ ಇದ್ದರೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮುಟ್ಟಬಾರದು. ಗ್ಯಾಸ್ ಖಾಲಿಯಾದರೆ ಊರಲ್ಲೇ ಸಿಲಿಂಡರ್ ತುಂಬಿಸುತ್ತಾರೆ. ಇಲ್ಲಿಯ ಸಾಮಾನ್ಯ ಸಿಲಿಂಡರಿನಲ್ಲಿ 9 ಕಿಲೋ ಗ್ಯಾಸ್ ಹಿಡಿಯುತ್ತದೆ.

ಹೆಜ್ಜೆ 6: ಸ್ವಂತ ಬಸ್ ಇರುವವರು ಹೊರಡುವ ಮುನ್ನ

ಟೈರು ಸವೆದಿಲ್ಲ ಅಂದಮಾತ್ರಕ್ಕೆ ಒಳ್ಳೆಯದಿದೆ ಅಂತ ಅಲ್ಲ. ಪಕ್ಕದಲ್ಲಿ ಡಾಟ್ ಎಂದು ಶುರುವಾಗುವ ಬರಹದ ಕೊನೆಯ ನಾಲ್ಕು ಅಂಕಿ ಓದಿ. 3217 ಅಂತ ಇದ್ದರೆ 2017ರ 32ನೇ ವಾರದ ಟೈರು. ಅಷ್ಟು ಹಳೆಯದು ಹೆದ್ದಾರಿಯಲ್ಲಿ ಸಿಡಿದರೆ ಹತ್ತು ಟನ್ ಗಾಡಿ ಹತೋಟಿಗೆ ಸಿಗುವುದಿಲ್ಲ. ಬ್ರೇಕಿನ ಗಾಳಿ, ಬೆಲ್ಟು, ಕೂಲೆಂಟು ನೋಡಿ. ಉದ್ದ ಬಸ್ಸು ಒಂದು ಲೀಟರಿಗೆ ಮೂರೂವರೆ, ನಾಲ್ಕು ಕಿ.ಮೀ. ಕೊಡುತ್ತದೆ. ಕ್ಯಾಲಿಫೋರ್ನಿಯಾದಿಂದ ಬರುವವರು ಗಡಿ ದಾಟಿ ಅರಿಜೋನಾದಲ್ಲಿ ಡೀಸೆಲ್ ತುಂಬಿಸಿದರೆ ಅಗ್ಗ.

ಬಹುತೇಕ ರಾಜ್ಯಗಳಲ್ಲಿ ಖಾಸಗಿ ಬಸ್ಸಿನ ಮೇಲೆ ಸ್ಕೂಲ್ ಬಸ್ ಎಂಬ ಬರಹ, ಕೆಂಪು ಮಿನುಗು ದೀಪ, ಸ್ಟಾಪ್ ಫಲಕ ಇರುವಂತಿಲ್ಲ. ಬಣ್ಣ ಬದಲಿಸಲೇಬೇಕಾದ ರಾಜ್ಯಗಳೂ ಇವೆ. ಎಲ್ಲ ಒಳಸಾಮಾನನ್ನು ಕಟ್ಟಿ, ಬೀರುಗಳಿಗೆ ಚಿಲಕ ಹಾಕಿ, ಮನೆ ಸುತ್ತ ಹತ್ತು ಕಿ.ಮೀ. ಓಡಿಸಿ ನೋಡಿ. ಬೀಳುವುದು ಅಲ್ಲೇ ಬಿದ್ದುಬಿಡಲಿ.

ಹೆಜ್ಜೆ 7: ಹಗಲಲ್ಲಿ ತಲುಪಿ, ನಡೆದು ನೋಡಿ ನಿಲ್ಲಿಸಿ

ಮರುಭೂಮಿ ಅಂದರೆ ರಾಜಸ್ಥಾನದ ಮರಳ ದಿಬ್ಬ ನೆನಪಾಗುತ್ತದೆ. ಸೊನೋರನ್ ಮರುಭೂಮಿಯ ಈ ಭಾಗ ಹಾಗಲ್ಲ. ಹೆಚ್ಚಿನ ಕಡೆ ಗಟ್ಟಿ ಜಲ್ಲಿ ನೆಲ, ನಡುನಡುವೆ ಒಣ ಹಳ್ಳಗಳು. ಇವನ್ನು ವಾಶ್ ಎನ್ನುತ್ತಾರೆ. ಅಪಾಯ ಇರುವುದು ಇಲ್ಲೇ. ಹಳ್ಳದ ತಳದಲ್ಲಿ ಮೆತ್ತನೆ ಮರಳು, ಚಕ್ರ ಹೂತರೆ ಕಷ್ಟ. ಉದ್ದ ಬಸ್ಸಿನ ಹಿಂಭಾಗ ಹಿಂದಿನ ಚಕ್ರದಿಂದ ಬಹಳ ಆಚೆಗೆ ಚಾಚಿರುತ್ತದೆ. ಹಳ್ಳಕ್ಕೆ ಇಳಿದು ಏರುವಾಗ ಬಾಲ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಹೀಗೆ ಸಿಕ್ಕಿಕೊಂಡ ಬಸ್ಸನ್ನು ಹನ್ನೆರಡು ಜನ ಗುದ್ದಲಿ ಹಿಡಿದು ಮಧ್ಯಾಹ್ನವೆಲ್ಲ ಅಗೆದು ಬಿಡಿಸಿದ್ದನ್ನು ನಾನು ನೋಡಿದ್ದೇನೆ. ಒಬ್ಬರು ಇಳಿದು ಮುಂದೆ ನಡೆಯಬೇಕು. ನೆಲವನ್ನು ಕಾಲಿನಿಂದ ಒದ್ದು ನೋಡಬೇಕು. ಆಮೇಲೆ ಗಾಡಿ.

ಹಳ್ಳದೊಳಗೆ ಯಾವತ್ತೂ ತಂಗಬೇಡಿ. ದೂರದ ಬೆಟ್ಟದಲ್ಲಿ ಮಳೆ ಬಿದ್ದರೂ ಇಲ್ಲಿಗೆ ನೀರು ನುಗ್ಗಿ ಬರುತ್ತದೆ. ಮೊದಲೇ ಗಾಡಿ ನಿಂತು ಬೋಳಾದ ಜಾಗದಲ್ಲೇ ನಿಲ್ಲಿಸಿ, ಹೊಸ ನೆಲ ತುಳಿಯಬೇಡಿ. ಪಕ್ಕದವರಿಂದ ಸಾಕಷ್ಟು ದೂರ ಬಿಡಿ, ಅವರ ಬಾಗಿಲಿನ ಮುಂದಿನ ನೋಟಕ್ಕೆ ಅಡ್ಡ ನಿಲ್ಲಬೇಡಿ. ಕೂಟದೊಳಗೆ ನಡಿಗೆಯ ವೇಗದಲ್ಲಿ ಓಡಿಸಿ. ಧೂಳೆದ್ದರೆ ಎಲ್ಲರ ಅನ್ನದ ಮೇಲೂ ಕೂರುತ್ತದೆ.

ಹೆಜ್ಜೆ 8: ಬೇರೆಯವರ ಬಸ್ ನೋಡುವುದು

ಇಷ್ಟು ದೂರ ಹೋಗುವುದೇ ಇದಕ್ಕೆ. ಇದಕ್ಕೆ ಸಮಯ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಬಸ್ ತೋರಿಸುವ ಹೊತ್ತು ಅಂತ ಒಂದು ಇರುತ್ತದೆ. ಆಗ ಬಾಗಿಲು ತೆರೆದು ಕರೆಯುತ್ತಾರೆ. ಉಳಿದ ಹೊತ್ತಿನಲ್ಲಿ ಅದು ಅವರ ಮನೆ. ಬಾಗಿಲು ತೆರೆದಿದೆ ಅಂತ ಇಣುಕಬೇಡಿ. ದೂರದಿಂದ ಕೂಗಿ, ಬನ್ನಿ ಅಂದ ಮೇಲೆ ಹೋಗಿ, ಬೂಟು ಬಿಚ್ಚಬೇಕೇ ಅಂತ ಕೇಳಿ. ಫೋಟೋಗೂ ಕೇಳಿಯೇ ತೆಗೆಯಿರಿ. ಮಕ್ಕಳಿರುವ ಫೋಟೋ ಬೇಡ.

ಚೆನ್ನಾಗಿದೆ ಅಂತ ಹೇಳಿ ಬಂದುಬಿಟ್ಟರೆ ಏನೂ ಕಲಿತಂತಾಗುವುದಿಲ್ಲ. ನಾನು ಎಲ್ಲರನ್ನೂ ಕೇಳುವ ಪ್ರಶ್ನೆ ಒಂದೇ: ಯಾವುದನ್ನು ಕಿತ್ತು ಎರಡನೇ ಸಲ ಮಾಡಿದಿರಿ? ಇದನ್ನು ಕೇಳಿದರೆ ಜನ ಮನಸ್ಸು ಬಿಚ್ಚುತ್ತಾರೆ. ಒಬ್ಬರು ನೆಲದ ಹಲಗೆ ತೆಗೆಯದೆ ಮೇಲೆಯೇ ಮನೆ ಕಟ್ಟಿದ್ದರು. ಎರಡು ವರ್ಷಕ್ಕೆ ಅಡಿಯ ತಗಡು ತುಕ್ಕು ಹಿಡಿದು ತೂತಾಗಿತ್ತು, ಎಲ್ಲ ಬಿಚ್ಚಬೇಕಾಯಿತು. ಇನ್ನೊಬ್ಬರು ಚಾವಣಿಯ ತಗಡಿನ ಹಿಂದೆ ಸರಿಯಾಗಿ ಶಾಖತಡೆ ಹಾಕಿರಲಿಲ್ಲ. ಚಳಿಯ ರಾತ್ರಿ ಉಸಿರಿನ ಆವಿ ತಗಡಿಗೆ ತಾಗಿ ನೀರಾಗಿ ಹಾಸಿಗೆಗೆ ತೊಟ್ಟಿಕ್ಕುತ್ತಿತ್ತು. ನಮ್ಮ ಬಸ್ಸಿನಲ್ಲಿ ಈ ಎರಡು ತಪ್ಪು ಆಗದೇ ಇದ್ದದ್ದು ಇವರು ಬಿಚ್ಚಿ ಹೇಳಿದ್ದರಿಂದ.

ಬಸ್ ಕೊಳ್ಳುವ ಯೋಚನೆ ಇದ್ದರೆ ಎಂಜಿನ್ ಮುಚ್ಚಳ ತೆರೆದು ತೋರಿಸಿ ಅಂತ ಕೇಳಿ. ಕಮಿನ್ಸ್ 5.9, ಇಂಟರ್‌ನ್ಯಾಷನಲ್ ಡಿಟಿ466 ಎಂಬ ಹೆಸರುಗಳು ಪ್ರೀತಿಯಿಂದ ಬರುತ್ತವೆ. ಡಿಟಿ466ರ ಲೈನರ್‌ಗಳನ್ನು, ಅಂದರೆ ಸಿಲಿಂಡರಿನ ಒಳಗಿನ ಕೊಳವೆಗಳನ್ನು, ಎಂಜಿನ್ ಕೆಳಗಿಳಿಸದೇ ಬದಲಿಸಬಹುದು, ಅದಕ್ಕೇ ಅಷ್ಟು ಆಸೆ. ಎಂಜಿನ್ನಿಗಿಂತ ಗೇರ್‌ಬಾಕ್ಸ್ ಬಗ್ಗೆ ಜಾಸ್ತಿ ಕೇಳಿ. ಹಳೆಯ ಬಸ್ಸುಗಳಲ್ಲಿ ಸಿಗುವ ಆಲಿಸನ್ ಎಟಿ545 ಗೇರ್‌ಬಾಕ್ಸಿನಲ್ಲಿ, ಎಂಜಿನ್ನಿನ ಬಲವನ್ನು ಗೇರಿಗೆ ದಾಟಿಸುವ ಕನ್ವರ್ಟರ್ ಲಾಕ್ ಆಗುವುದಿಲ್ಲ. ಘಾಟಿ ಏರುವಾಗ ಬಿಸಿಯಾಗುತ್ತದೆ, ಇಳಿಯುವಾಗ ಎಂಜಿನ್ ಹಿಡಿತ ಸಿಗುವುದಿಲ್ಲ. ಬೆಟ್ಟದ ದಾರಿಯಲ್ಲಿ ತಿರುಗಬೇಕೆಂದಿರುವವರು ಇದನ್ನು ತಿಳಿದುಕೊಂಡೇ ಬಸ್ ಕೊಳ್ಳಬೇಕು.

ವಿಮೆ ಯಾರು ಕೊಟ್ಟರು, ನೋಂದಣಿಯನ್ನು ಮೋಟರ್‌ಹೋಂ ಅಂತ ಬದಲಿಸುವಾಗ ಏನೇನು ತೋರಿಸಬೇಕಾಯಿತು ಅಂತಲೂ ಕೇಳಿ. ಸ್ಕೂಲಿಗೆ ವಿಮೆ ಕೊಡದ ಕಂಪನಿಗಳೇ ಜಾಸ್ತಿ. ಈ ವಿಷಯ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ, ಹಾಗಾಗಿ ನಿಮ್ಮ ರಾಜ್ಯದ ನಂಬರ್ ಪ್ಲೇಟ್ ಇರುವ ಬಸ್ಸನ್ನು ಹುಡುಕಿ ಕೇಳುವುದು ಮೇಲು. ಮಾವನೊಬ್ಬರು ನಮ್ಮ ಜೊತೆ ಬಂದಿದ್ದರು, ಎತ್ತರದ ಮನುಷ್ಯ. ಅವರು ಎಲ್ಲ ಬಸ್ಸಿನಲ್ಲೂ ನೆಟ್ಟಗೆ ನಿಂತು ನೋಡಿದರು. ಕೆಲವು ಬಸ್ಸುಗಳ ಚಾವಣಿ ಆರಡಿ ಮಾತ್ರ, ಕೆಲವು ಆರೂವರೆ. ಕಿಟಕಿಯ ಕಂಬಗಳನ್ನು ಕತ್ತರಿಸಿ ಚಾವಣಿಯನ್ನು ಒಂದೂವರೆ ಅಡಿ ಎತ್ತರಿಸಿದವರೂ ಇದ್ದಾರೆ. ಅಳತೆ ಕಾಗದದಲ್ಲಿ ಓದುವುದೇ ಬೇರೆ, ತಲೆ ತಾಗುವುದೇ ಬೇರೆ.

ಹೆಜ್ಜೆ 9: ಊಟ, ಬೆಂಕಿ, ಕೊಡುಕೊಳ್ಳು

ಸಂಜೆ ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿಕೊಳ್ಳುವ ಊಟ ಇರುತ್ತದೆ. ಕುಕ್ಕರ್ ಒಯ್ಯಿರಿ. ಗ್ಯಾಸೂ ಉಳಿಯುತ್ತದೆ, ನೀರೂ ಉಳಿಯುತ್ತದೆ. ನಾವು ದೊಡ್ಡ ಕುಕ್ಕರ್ ತುಂಬ ಬಿಸಿಬೇಳೆಬಾತ್ ಮಾಡುತ್ತೇವೆ. ಪುಡಿ ಮನೆಯಿಂದಲೇ ಒಯ್ದರೆ ಕೆಲಸ ಅರ್ಧ ಮುಗಿದಂತೆ. ಗೋಡಂಬಿ, ತುಪ್ಪ, ಖಾರ ಇದೆ ಅಂತ ಚೀಟಿ ಬರೆದು ಪಕ್ಕದಲ್ಲಿ ಇಡಿ, ಕೆಲವರಿಗೆ ಗೋಡಂಬಿ ಆಗಿಬರುವುದಿಲ್ಲ. ನಿಮ್ಮ ತಟ್ಟೆ, ಚಮಚ, ಕುರ್ಚಿ ನೀವೇ ಒಯ್ಯಬೇಕು. ಬೆಳಿಗ್ಗೆಗೆ ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಇದ್ದರೆ ಒಲೆ ಮುಂದೆ ಹೊತ್ತು ಕಳೆಯಬೇಕಿಲ್ಲ. ಇಡ್ಲಿ ಹಿಟ್ಟು ಬೇಡ, ಆ ಚಳಿಗೆ ಹುಳಿಯುವುದಿಲ್ಲ.

ಸೌದೆಯನ್ನು ಕ್ವಾರ್ಟ್ಸೈಟ್‌ನಲ್ಲೇ ಕೊಂಡು ಒಯ್ಯಿರಿ. ಬಯಲಿನ ಐರನ್‌ವುಡ್ ಮರಗಳು ನೂರಾರು ವರ್ಷ ಬದುಕುತ್ತವೆ. ಒಣಗಿ ನಿಂತಂತೆ ಕಂಡರೂ ಕೊಂಬೆ ಮುರಿಯಬೇಡಿ. ಸಗುವಾರೋ ಎಂಬ ಕಂಬದಂಥ ಕಳ್ಳಿಗೆ ಕಾನೂನಿನ ರಕ್ಷಣೆ ಇದೆ.

ಸೋಲಾರ್, ವೈರಿಂಗ್, ನೀರಿನ ಪೈಪು ಬಗ್ಗೆ ಹಗಲಲ್ಲಿ ಪಾಠಗಳು ನಡೆಯುತ್ತವೆ. ನಿಮಗೆ ಬರುವ ಕೆಲಸ ಏನಾದರೂ ಇದ್ದರೆ ಹೇಳಿ: ಹೊಲಿಗೆ, ಬೆಸುಗೆ, ಕ್ಷೌರ, ಮಕ್ಕಳಿಗೆ ಕಥೆ. ನನ್ನ ಗಂಡ ಮಲ್ಟಿಮೀಟರ್ ಹಿಡಿದು ಮೂರು ಬಸ್ಸಿನ ವೈರಿಂಗ್ ನೋಡಿಕೊಟ್ಟರು. ಹೊರಡುವ ಹೊತ್ತಿಗೆ ನಮ್ಮ ಬಸ್ಸಿನಲ್ಲಿ ಎರಡು ಬಾಟಲಿ ಜೇನುತುಪ್ಪ, ಒಂದು ಕೈಹೆಣಿಗೆಯ ಟೊಪ್ಪಿ ಇದ್ದವು.

ಹೆಜ್ಜೆ 10: ಮಕ್ಕಳು, ಹಿರಿಯರು, ಆರೋಗ್ಯ

ಚೋಯಾ ಎಂಬ ಕಳ್ಳಿಯ ಮುಳ್ಳುಂಡೆ ಸ್ವಲ್ಪ ತಾಗಿದರೂ ಮೈಗೆ ಅಂಟಿಕೊಳ್ಳುತ್ತದೆ. ಕೈಯಿಂದ ಕೀಳಲು ಹೋದರೆ ಕೈಗೂ ಚುಚ್ಚುತ್ತದೆ. ಬಾಚಣಿಗೆ ಸಿಕ್ಕಿಸಿ ಎಗರಿಸಬೇಕು. ಒಂದು ಬಾಚಣಿಗೆ ಜೇಬಿನಲ್ಲೇ ಇರಲಿ. ಬೆಳಿಗ್ಗೆ ಬೂಟು ಕೊಡವಿ ಹಾಕಿಕೊಳ್ಳಿ, ಚೇಳು ಇರಬಹುದು. ಹಾವು ಚಳಿಗಾಲದಲ್ಲಿ ಕಡಿಮೆ. ಆದರೂ ಕಲ್ಲಿನ ಸಂದಿಗೆ ಕೈ ಹಾಕಬೇಡಿ. ಸಣ್ಣ ನಾಯಿ ಇದ್ದರೆ ರಾತ್ರಿ ಒಳಗಿಡಿ, ತೋಳದ ಜಾತಿಯ ಕಯೋಟಿಗಳು ಬರುತ್ತವೆ.

ಈ ಮಣ್ಣಿನಲ್ಲಿರುವ ಒಂದು ಬೂಷ್ಟು ಧೂಳಿನ ಜೊತೆ ಶ್ವಾಸಕೋಶಕ್ಕೆ ಹೋದರೆ ವ್ಯಾಲಿ ಫೀವರ್ ಎಂಬ ಕಾಯಿಲೆ ಬರುತ್ತದೆ. ಗಾಳಿ ಎದ್ದಾಗ ಕಿಟಕಿ ಮುಚ್ಚಿ, ಹಿರಿಯರಿಗೆ, ಗರ್ಭಿಣಿಯರಿಗೆ ಮಾಸ್ಕ್ ಕೊಡಿ. ಮನೆಗೆ ಬಂದ ಒಂದರಿಂದ ಮೂರು ವಾರದಲ್ಲಿ ಜ್ವರ, ಕೆಮ್ಮು ಶುರುವಾಗಿ ಬಿಡದೇ ಇದ್ದರೆ, ಅರಿಜೋನಾ ಮರುಭೂಮಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ. ಊರಿಗೆ ವಾಪಸಾದ ಅಪ್ಪ ಅಮ್ಮನಿಗೂ ಇದನ್ನು ಹೇಳಿಕೊಡಿ, ಅಲ್ಲಿಯ ವೈದ್ಯರಿಗೆ ಈ ಕಾಯಿಲೆ ತಟ್ಟನೆ ನೆನಪಿಗೆ ಬರಲಿಕ್ಕಿಲ್ಲ. ಆಸ್ಪತ್ರೆ ಬೇಕಾದರೆ ಉತ್ತರಕ್ಕೆ ಪಾರ್ಕರ್ ಊರಿಗೆ ಹೋಗಿ.

ಊರಿಗೆ ಫೋನ್ ಮಾಡುವವರಿಗೆ ಒಂದು ಅನುಕೂಲ. ಅರಿಜೋನಾಕ್ಕೂ ಭಾರತಕ್ಕೂ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಇಲ್ಲಿ ಸಂಜೆ ಆರಕ್ಕೆ ಬೆಂಕಿ ಹಚ್ಚುವಾಗ ಅಲ್ಲಿ ಬೆಳಿಗ್ಗೆ ಆರೂವರೆ, ಕಾಫಿ ಹೊತ್ತು.

ಹೆಜ್ಜೆ 11: ಹೊರಡುವ ದಿನ

ಬೆಂಕಿಯ ಬೂದಿಗೆ ನೀರು ಹಾಕಿ ಕಲಸಿ, ಕೈ ಇಟ್ಟು ತಣ್ಣಗಾಗಿದೆಯೇ ನೋಡಿ. ಗಾಡಿ ಹತ್ತು ಅಡಿ ಮುಂದೆ ತೆಗೆದು, ಅದು ನಿಂತಿದ್ದ ಜಾಗದಲ್ಲಿ ಮನೆಯವರೆಲ್ಲ ಸಾಲಾಗಿ ತಲೆ ಬಗ್ಗಿಸಿ ನಡೆಯಿರಿ. ಮೊಳೆ, ವೈರ್ ತುಂಡು, ಬಾಟಲಿ ಮುಚ್ಚಳ ಸಿಗುತ್ತವೆ. ನಿಮ್ಮದಲ್ಲದಿದ್ದರೂ ಎತ್ತಿಕೊಳ್ಳಿ. ಕಸವನ್ನು ದಾರಿಯ ಪೆಟ್ರೋಲ್ ಬಂಕಿನ ಡಬ್ಬಿಗೆ ತುರುಕಬೇಡಿ, ದುಡ್ಡು ಕೊಟ್ಟು ಹಾಕುವ ಜಾಗ ಊರಲ್ಲಿದೆ. ಅಲ್ಲಿಂದ ನೇರ ಕೊಳಕು ನೀರು ಸುರಿಯುವ ಕಟ್ಟೆಗೆ ಹೋಗಿ. ಭಾನುವಾರ ಬೆಳಿಗ್ಗೆ ಅಲ್ಲಿ ಉದ್ದ ಸಾಲು, ಸಾಧ್ಯವಾದರೆ ಶನಿವಾರವೇ ಮುಗಿಸಿ. ಹೆದ್ದಾರಿ ಸೇರುವ ಮೊದಲು ಒಂದು ಸಲ ನಿಲ್ಲಿಸಿ, ಚಕ್ರದ ನಟ್ಟುಗಳನ್ನು ಮುಟ್ಟಿ ನೋಡಿ, ಹಿಂದಿನ ಜೋಡಿ ಟೈರುಗಳ ನಡುವೆ ಕಲ್ಲು ಸಿಕ್ಕಿದೆಯೇ ಅಂತ ಬಗ್ಗಿ ನೋಡಿ. ಮನೆಗೆ ಬಂದ ಮೇಲೆ ಮೊದಲ ಕೆಲಸ ಎಂಜಿನ್ನಿನ ಏರ್ ಫಿಲ್ಟರ್ ತೆಗೆಯುವುದು. ನಮ್ಮದರಲ್ಲಿ ಪ್ರತಿ ವರ್ಷ ಒಂದು ಹಿಡಿ ಕೆಂಪು ಧೂಳು ಇರುತ್ತದೆ.